ಹಾಸನದ ಕೋರ್ಟಿನಿಂದ ಷೇರು ಮಾರುಕಟ್ಟೆ ಕೇಸುಗಳ ಸರ್ಕಾರಿ ಕಡೆಗೆ: ದಾರಿ ಇದೆಯಾ?

ಹೇಮಾವತಿ ದಂಡೆ, ಹಾಸನ

ಎಲ್ಲರಿಗೂ ನಮಸ್ಕಾರ. ನನಗೆ 27 ವರ್ಷ. ಎಲ್‌ಎಲ್‌ಬಿ ಮುಗಿಸಿ ಹಾಸನದ ಕೋರ್ಟಿನಲ್ಲಿ ಮೂರನೇ ವರ್ಷ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಸೀನಿಯರ್ ಹತ್ತಿರ ಬರುವುದು ಹೆಚ್ಚಾಗಿ ಜಮೀನಿನ ಭಾಗ, ಚೆಕ್ ಬೌನ್ಸ್, ಜೀವನಾಂಶ.

ಕಳೆದ ವರ್ಷ ಹೊಳೆನರಸೀಪುರ ಕಡೆಯ ಒಂದೇ ಊರಿನಿಂದ 41 ಜನ ನಮ್ಮ ಆಫೀಸಿಗೆ ಬಂದರು. ಜಾಸ್ತಿ ಹೆಂಗಸರೇ. ಒಂದು ಕಂಪನಿಯ ಏಜೆಂಟ್ ಪ್ರತಿ ಶುಕ್ರವಾರ ಮನೆ ಬಾಗಿಲಿಗೆ ಬಂದು ದುಡ್ಡು ಕಟ್ಟಿಸಿಕೊಂಡು ಹೋಗುತ್ತಿದ್ದನಂತೆ. ಷೇರಿಗೆ ಹಾಕಿ ಬೆಳೆಸುತ್ತೇವೆ, ತಿಂಗಳಿಗೆ ನೂರಕ್ಕೆ ಐದು ಕೊಡುತ್ತೇವೆ ಅಂತ ಮಾತು. ಮೊದಲ ಎಂಟು ತಿಂಗಳು ಕೊಟ್ಟರು. ಆಮೇಲೆ ಆಫೀಸಿಗೆ ಬೀಗ ಬಿತ್ತು. ಪೊಲೀಸ್ ಕೇಸ್ ಆಯಿತು. ರಸೀದಿಗಳನ್ನು ಜೋಡಿಸುವ ಕೆಲಸ ನನಗೆ ಬಂತು.

ಜಾಮೀನು ಅರ್ಜಿಯ ದಿನ ಆರೋಪಿ ಪರ ವಕೀಲರು ಅರ್ಧ ಗಂಟೆ ಲೆಕ್ಕದ ಮಾತಾಡಿದರು. ಡಿಬೆಂಚರ್, ಲಿಕ್ವಿಡಿಟಿ, ಮಾರುಕಟ್ಟೆ ನಷ್ಟ. ಸರ್ಕಾರಿ ವಕೀಲರ ಕೈಯಲ್ಲಿ ಆವತ್ತು ಮೂವತ್ತು ಫೈಲು ಇದ್ದವು. ಆ ಮಾತನ್ನು ಬಿಡಿಸಿ, ಇದು ನಷ್ಟ ಅಲ್ಲ, ಒಬ್ಬರ ದುಡ್ಡನ್ನು ಇನ್ನೊಬ್ಬರಿಗೆ ಬಡ್ಡಿ ಅಂತ ಕೊಟ್ಟದ್ದು ಎಂದು ಹೇಳುವವರು ಯಾರೂ ಇರಲಿಲ್ಲ. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ನನಗೆ ಗೊತ್ತಿತ್ತು, ಆದರೆ ಮಾತಾಡುವ ಹಕ್ಕು ಇರಲಿಲ್ಲ.

ಅವತ್ತಿನಿಂದ ಇದೇ ಯೋಚನೆ. ಹಣಕಾಸು ಮಾರುಕಟ್ಟೆಯ ಮೋಸಗಳಲ್ಲಿ ಸರ್ಕಾರದ ಕಡೆ ನಿಂತು ವಾದಿಸುವ ಕೆಲಸ ನಮ್ಮ ದೇಶದಲ್ಲಿ ಎಲ್ಲಿದೆ? ಅದಕ್ಕೆ ಏನು ಓದಬೇಕು? ಕನ್ನಡ ಮೀಡಿಯಂನಲ್ಲಿ ಓದಿ ಬಂದವಳಿಗೆ ಆಗುತ್ತದಾ?

ಮೂಡಿಗೆರೆ ಮಳೆ

ಆಗುತ್ತದೆ. ನಾನು ಏಳು ವರ್ಷ ಮುಂಬೈಯಲ್ಲಿ ಮಾರುಕಟ್ಟೆ ನಿಯಂತ್ರಣದ ಕಾನೂನು ವಿಭಾಗದಲ್ಲಿ ಇದ್ದೆ. ಈಗ ಊರಿಗೆ ಬಂದು ಅಪ್ಪನ ತೋಟ ನೋಡಿಕೊಳ್ಳುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನವಾಗಿ ಓದಿ.

ಅಮೆರಿಕದಲ್ಲಿ ಟ್ರಯಲ್ ಅಟಾರ್ನಿ ಅಂತ ಹುದ್ದೆಯೇ ಇದೆ. ನಿಯಂತ್ರಣ ಸಂಸ್ಥೆಯ ಸಂಬಳದ ವಕೀಲರೇ ತನಿಖೆಯಿಂದ ಹಿಡಿದು ಕೋರ್ಟಿನ ವಾದದವರೆಗೆ ಕೇಸು ನಡೆಸುತ್ತಾರೆ. ನಮ್ಮಲ್ಲಿ ಆ ಕೆಲಸ ನಾಲ್ಕೈದು ಕೈಗಳಿಗೆ ಹಂಚಿ ಹೋಗಿದೆ.

ನಮ್ಮ ಷೇರು ಮಾರುಕಟ್ಟೆಯ ನಿಯಂತ್ರಣ ಸಂಸ್ಥೆ ಸೆಬಿ. ಅದು ಶುರುವಾಗಿದ್ದು 1988ರಲ್ಲಿ. ಕಾಯ್ದೆಯ ಬಲ ಸಿಕ್ಕಿದ್ದು 1992ರಲ್ಲಿ. ಅಲ್ಲಿ ಕೇಸು ಮೊದಲು ಕೋರ್ಟಿಗೆ ಹೋಗುವುದಿಲ್ಲ. ತನಿಖೆ ಆಗುತ್ತದೆ, ಶೋಕಾಸ್ ನೋಟಿಸ್ ಹೋಗುತ್ತದೆ, ಸಂಸ್ಥೆಯ ಒಳಗೇ ವಿಚಾರಣೆ ನಡೆದು ಆದೇಶ ಬರುತ್ತದೆ. ಒಪ್ಪದವರು 45 ದಿನದಲ್ಲಿ ಮುಂಬೈಯ ಸೆಕ್ಯುರಿಟೀಸ್ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಎಲ್ಲರೂ ಅದನ್ನು ಸ್ಯಾಟ್ ಅಂತಾರೆ. ಅಲ್ಲಿಂದ ನೇರ ಸುಪ್ರೀಂ ಕೋರ್ಟ್, ಅದೂ ಕಾನೂನಿನ ಪ್ರಶ್ನೆ ಇದ್ದರೆ ಮಾತ್ರ.

ಇದರಲ್ಲಿ ಲೀಗಲ್ ಆಫೀಸರ್ ಕೆಲಸ ಏನು? ತನಿಖೆಯ ವರದಿ ಬರುತ್ತದೆ. ಅದರಲ್ಲಿ ಟ್ರೇಡುಗಳ ಸಾಲು ಸಾವಿರಗಟ್ಟಲೆ. ಅದನ್ನು ಓದಿ, ಯಾವ ಆರೋಪ ನಿಲ್ಲುತ್ತದೆ, ಯಾವುದು ಬೀಳುತ್ತದೆ ಅಂತ ಹೇಳಬೇಕು. ನೋಟಿಸ್ ಕರಡು ಬರೆಯಬೇಕು. ಸ್ಯಾಟ್‌ನಲ್ಲಿ ವಾದಿಸಲು ಹೆಚ್ಚಾಗಿ ಹೊರಗಿನ ವಕೀಲರನ್ನು ಇಟ್ಟುಕೊಳ್ಳುತ್ತಾರೆ. ಅವರಿಗೆ ಕೇಸನ್ನು ಕುಳ್ಳಿರಿಸಿ ಅರ್ಥ ಮಾಡಿಸುವುದು ನಾವು. ಹಿಂದಿನ ಬೆಂಚು ಅಂದಿರಲ್ಲ, ಅಲ್ಲಿಯೂ ಎಷ್ಟೋ ಸಲ ಹಿಂದಿನ ಬೆಂಚೇ. ಆದರೆ ಆ ಬೆಂಚಿನಿಂದ ಒಂದು ಚೀಟಿ ಮುಂದಕ್ಕೆ ಹೋದರೆ ವಾದದ ದಿಕ್ಕೇ ಬದಲಾಗಿದ್ದನ್ನು ನಾನು ನೋಡಿದ್ದೇನೆ.

ಸೇರುವ ದಾರಿ ಸೆಬಿ ಅಧಿಕಾರಿಗಳ ಗ್ರೇಡ್ ಎ ಪರೀಕ್ಷೆ, ಕಾನೂನು ವಿಭಾಗ. ಕಾನೂನು ಪದವಿ ಬೇಕು. ವಯಸ್ಸು 30 ದಾಟಿರಬಾರದು, ಮೀಸಲಾತಿ ಇದ್ದವರಿಗೆ ಸಡಿಲಿಕೆ ಇದೆ. ಎರಡು ಹಂತದ ಪರೀಕ್ಷೆ, ಆಮೇಲೆ ಸಂದರ್ಶನ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವ ಪತ್ರಿಕೆಯೂ ಇದೆ. ಕನ್ನಡ ಮೀಡಿಯಂ ಅಂತ ಹೆದರಬೇಡಿ, ಆದರೆ ದಿನಾ ಒಂದು ಪುಟ ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸ ಇವತ್ತೇ ಶುರು ಮಾಡಿ. ನಿಮಗೆ ಇರುವುದು ಮೂರು ವರ್ಷ.

ಸಕಲೇಶಪುರ ಘಾಟ್

ನಾನು ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನನ್ನ ಅಣ್ಣನ ಮಗ ಇದೇ ಕೆಲಸಕ್ಕೆ ಹೋಗಿ ಐದು ವರ್ಷಕ್ಕೆ ಬಿಟ್ಟ. ಎದುರು ಪಕ್ಷದಲ್ಲಿ ಆರು ಜನ ಸೀನಿಯರ್ ವಕೀಲರು, ಇವನ ಕಡೆ ಇವನೊಬ್ಬ. ಬೆವರು ಸುರಿಸಿ ಬರೆಸಿದ ಆದೇಶ ಮೇಲಿನ ಕೋರ್ಟಿನಲ್ಲಿ ಹೋಯಿತು. ಮುಂಬೈ ಬಾಡಿಗೆ ಬೇರೆ. ಈಗ ದೊಡ್ಡ ಫರ್ಮಿನಲ್ಲಿದ್ದಾನೆ, ನೆಮ್ಮದಿಯಾಗಿದ್ದಾನೆ. ಮನೆಯ ಜವಾಬ್ದಾರಿ ಇದ್ದರೆ ಇದನ್ನೂ ಲೆಕ್ಕಕ್ಕೆ ತಗೊಳ್ಳಿ ತಾಯಿ.

ಮೂಡಿಗೆರೆ ಮಳೆ

ಘಾಟ್ ಅವರೇ, ಅದು ನಿಜ. ಆದೇಶ ಬೀಳುವ ನೋವು ನನಗೂ ಗೊತ್ತು. ಅದರ ಬಗ್ಗೆಯೇ ಬರೆಯುತ್ತೇನೆ, ಯಾಕೆಂದರೆ ಈ ಕೆಲಸದ ತಿರುಳು ಅಲ್ಲೇ ಇದೆ.

ಮಾರುಕಟ್ಟೆ ಮೋಸಕ್ಕೆ ಕಣ್ಣಾರೆ ಕಂಡ ಸಾಕ್ಷಿ ಇರುವುದಿಲ್ಲ. ಸಂಚು ಮಾಡಿದವರು ಕಾಗದ ಬರೆದಿಡುವುದಿಲ್ಲ. ಸಂದರ್ಭದಿಂದಲೇ ಕಟ್ಟಬೇಕು. 2016ರಲ್ಲಿ ಕಿಶೋರ್ ಅಜ್ಮೇರಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿತು. ಸೆಬಿಯ ಒಳಗಿನ ವಿಚಾರಣೆಯಲ್ಲಿ, ಯಾವುದು ನಡೆದಿರುವ ಸಾಧ್ಯತೆ ಜಾಸ್ತಿ ಅನ್ನುವ ಅಳತೆ ಸಾಕು, ಸುತ್ತಲಿನ ಸಂಗತಿಗಳಿಂದ ತೀರ್ಮಾನಕ್ಕೆ ಬರಬಹುದು ಅಂತ. ಆದರೆ 2022ರಲ್ಲಿ ಬಲರಾಂ ಗರ್ಗ್ ಕೇಸಿನಲ್ಲಿ ಅದೇ ಕೋರ್ಟ್ ಇನ್ನೊಂದು ಬದಿ ತೋರಿಸಿತು. ಕಂಪನಿಯ ಒಳಗಿನ ಸುದ್ದಿ ಒಬ್ಬರಿಂದ ಇನ್ನೊಬ್ಬರಿಗೆ ಹೋಯಿತು ಅನ್ನುವುದನ್ನು ನೆಂಟರು ಅನ್ನುವ ಒಂದೇ ಕಾರಣಕ್ಕೆ ಊಹಿಸುವಂತಿಲ್ಲ, ಸೆಬಿಯೇ ಸಾಬೀತು ಮಾಡಬೇಕು ಎಂದು. ಈ ಎರಡೂ ತೀರ್ಪುಗಳನ್ನು ಒಟ್ಟಿಗೆ ಓದಿ. ನಿಮ್ಮ ಕೆಲಸ ಈ ಎರಡರ ನಡುವಿನ ಜಾಗದಲ್ಲಿ.

ಸೆಬಿ ಕಾಯ್ದೆಯ 24ನೇ ಸೆಕ್ಷನ್ ಬೇರೆ. ಅದು ಕ್ರಿಮಿನಲ್. ಹತ್ತು ವರ್ಷದವರೆಗೆ ಜೈಲು, 25 ಕೋಟಿಯವರೆಗೆ ದಂಡ, ಅಥವಾ ಎರಡೂ. ಸೆಬಿಯೇ ದೂರು ಕೊಡಬೇಕು, ವಿಶೇಷ ನ್ಯಾಯಾಲಯದಲ್ಲಿ ವಿಚಾರಣೆ. ಅಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಒಂದೇ ಸಂಗತಿ, ಎರಡು ಅಳತೆ.

ಒಂದು ಅನುಭವ ಹೇಳುತ್ತೇನೆ. ಒಂದು ಸಣ್ಣ ಕಂಪನಿಯ ಷೇರಿನ ಬೆಲೆ ಸುಮ್ನೆ ಏರುತ್ತಿತ್ತು. 14 ಖಾತೆಗಳು ಒಂದೇ ವಾರದಲ್ಲಿ ತೆರೆದಿದ್ದವು, ಎಲ್ಲದಕ್ಕೂ ಒಂದೇ ಮೊಬೈಲ್ ನಂಬರು. ಅದರಲ್ಲಿ ಒಂದು ಖಾತೆ ಕಡೂರು ಕಡೆಯ ಒಬ್ಬ ಹಿರಿಯರದು. ನೋಟಿಸ್ ಹೋಯಿತು. ವಿಡಿಯೊ ವಿಚಾರಣೆಗೆ ಅವರು ಮಗಳ ಫೋನ್ ಹಿಡಿದು ಕೂತಿದ್ದರು. ಹಿಂದಿ ಬರದು, ಇಂಗ್ಲಿಷ್ ಬರದು. ಕೋಣೆಯಲ್ಲಿ ಕನ್ನಡ ಗೊತ್ತಿದ್ದವಳು ನಾನೊಬ್ಬಳೇ. "ಅಮ್ಮಾ, ಸಾಲ ಕೊಡಿಸ್ತೀನಿ ಅಂತ ಆಧಾರ್ ಇಸ್ಕೊಂಡು ಹೋದ, ಆಮೇಲೆ ಬರಲೇ ಇಲ್ಲ" ಅಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ದಾಖಲೆಗೆ ಬರೆಸಿದೆ. ಆಧಾರ್ ತಗೊಂಡು ಹೋದವನ ಹೆಸರು ಹಿಡಿದು ಹೋದಾಗಲೇ ಉಳಿದ 13 ಖಾತೆಗಳ ಗಂಟು ಬಿಚ್ಚಿದ್ದು. ಆ ಹಿರಿಯರ ಮೇಲಿನ ಆರೋಪ ಕೈಬಿಟ್ಟರು. ಮೋಸ ಮಾಡಿದವರನ್ನು ಹಿಡಿಯುವುದು ಎಷ್ಟು ಮುಖ್ಯವೋ, ಮೋಸ ಹೋದವರನ್ನು ಪಟ್ಟಿಯಿಂದ ಹೊರಗೆ ತರುವುದೂ ಅಷ್ಟೇ ಮುಖ್ಯ. ಕನ್ನಡ ಮೀಡಿಯಂ ಅಂದಿರಲ್ಲ, ಅದಕ್ಕೆ ನನ್ನ ಉತ್ತರ ಇದು.

ರೋಬಸ್ಟಾ 12 ಎಕರೆ, ಆಲ್ದೂರು

ಈ ಚರ್ಚೆ ಓದುತ್ತಾ ಒಂದು ಪ್ರಶ್ನೆ ಬಂತು. ನಾವು ಬೆಳಗ್ಗೆ ಎದ್ದ ಕೂಡಲೇ ನೋಡುವುದು ಲಂಡನ್ ರೋಬಸ್ಟಾ, ನ್ಯೂಯಾರ್ಕ್ ಅರೇಬಿಕಾ ದರ. ಅದರ ಮೇಲೆಯೇ ಇಲ್ಲಿ 50 ಕೆಜಿ ಮೂಟೆ ಚೆರ್ರಿಗೆ ಎಷ್ಟು ಅಂತ ವ್ಯಾಪಾರಿ ಹೇಳುವುದು. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಪೌಂಡಿಗೆ 4 ಡಾಲರ್ ದಾಟಿತು. ಏರಿದ್ದು ಬೆಳೆ ಕಡಿಮೆ ಆಗಿಯೋ, ಯಾರೋ ಆಟ ಆಡಿಯೋ, ನಮಗೆ ಹೇಗೆ ಗೊತ್ತಾಗಬೇಕು? ಅಲ್ಲಿ ಕಾಯುವವರು ಯಾರಾದರೂ ಇದ್ದಾರಾ?

ಬೇಲೂರಿನಿಂದ ಶಿಕಾಗೊ

ಇದ್ದಾರೆ ಸರ್. ನಾನು ಇಲ್ಲಿ ಒಂದು ಟ್ರೇಡಿಂಗ್ ಕಂಪನಿಯ ಕಾನೂನು ಪಾಲನೆ ವಿಭಾಗದಲ್ಲಿದ್ದೇನೆ. ಅಂದರೆ ಆ ಸರ್ಕಾರಿ ವಕೀಲರು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡುವ ಕಡೆ.

ನ್ಯೂಯಾರ್ಕಿನ ಅರೇಬಿಕಾ ವಾಯಿದೆ ವ್ಯಾಪಾರವನ್ನು, ಅಂದರೆ ಮುಂದೆ ಕೊಡುವ ಸರಕಿಗೆ ಇವತ್ತೇ ದರ ಕಟ್ಟುವ ವ್ಯಾಪಾರವನ್ನು, ನೋಡಿಕೊಳ್ಳುವುದು ಅಮೆರಿಕದ ನಿಯಂತ್ರಣ ಸಂಸ್ಥೆ ಸಿಎಫ್‌ಟಿಸಿ. 1974ರ ಕಾನೂನಿನಿಂದ ಬಂದ ಸಂಸ್ಥೆ. ಲಂಡನ್ ರೋಬಸ್ಟಾ ಬ್ರಿಟನ್ನಿನ ನಿಯಂತ್ರಕರ ಕೈಯಲ್ಲಿ. ಸಿಎಫ್‌ಟಿಸಿ ಪ್ರತಿ ಶುಕ್ರವಾರ ಒಂದು ವರದಿ ಹಾಕುತ್ತದೆ. ಆ ವಾರದ ಮಂಗಳವಾರ ದಿನದ ಕೊನೆಗೆ ಕಾಫಿಯಲ್ಲಿ ದೊಡ್ಡ ಫಂಡುಗಳು ಎಷ್ಟು ಕೊಂಡಿವೆ, ಎಷ್ಟು ಮಾರಿವೆ, ಕಾಫಿ ವ್ಯಾಪಾರಿಗಳೇ ಎಷ್ಟು ಅಂತ ಬೇರೆ ಬೇರೆಯಾಗಿ ಇರುತ್ತದೆ. ಯಾರು ಬೇಕಾದರೂ ನೋಡಬಹುದು, ದುಡ್ಡು ಕೊಡಬೇಕಿಲ್ಲ.

ಆ ಸಂಸ್ಥೆಯ ಎನ್‌ಫೋರ್ಸ್‌ಮೆಂಟ್ ವಿಭಾಗದಲ್ಲೇ ಟ್ರಯಲ್ ಅಟಾರ್ನಿಗಳು ಇರುವುದು. ಅವರು ಮೋಸಗಾರರ ಮೇಲೆ ಫೆಡರಲ್ ಕೋರ್ಟಿನಲ್ಲಿ ಸಿವಿಲ್ ದಾವೆ ಹೂಡುತ್ತಾರೆ. ದಂಡ, ಲಾಭ ವಾಪಸ್, ವ್ಯಾಪಾರಕ್ಕೆ ನಿಷೇಧ, ಇಷ್ಟು ಅವರ ಕೈಯಲ್ಲಿ. ಜೈಲಿಗೆ ಕಳಿಸಬೇಕಾದರೆ ನ್ಯಾಯಾಂಗ ಇಲಾಖೆಯ ಪ್ರಾಸಿಕ್ಯೂಟರ್ ಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಸ್ಪೂಫಿಂಗ್ ಅಂತ ಒಂದು ಆಟ. ನಮ್ಮ ಸಂತೆಯಲ್ಲಿ ಒಬ್ಬ ಬಂದು "ನೂರು ಮೂಟೆ ನಾನೇ ತಗೋತೀನಿ" ಅಂತ ಕೂಗಿ ದರ ಏರಿಸುತ್ತಾನೆ. ಏರಿದ ದರಕ್ಕೆ ತನ್ನ ಹತ್ತು ಮೂಟೆ ಮಾರಿ, ಆ ನೂರರ ಮಾತನ್ನು ವಾಪಸ್ ತಗೊಂಡು ಹೊರಟುಹೋಗುತ್ತಾನೆ. ಇದನ್ನೇ ಕಂಪ್ಯೂಟರ್ ಸೆಕೆಂಡಿನ ಸಣ್ಣ ಭಾಗದಲ್ಲಿ ಮಾಡುತ್ತದೆ. 2010ರ ಡಾಡ್-ಫ್ರಾಂಕ್ ಕಾಯ್ದೆ ಇದನ್ನು ನೇರವಾಗಿ ನಿಷೇಧಿಸಿತು. ಇಂಥ ಒಂದು ಕೇಸಿನಲ್ಲಿ 2013ರಲ್ಲಿ ಸಿಎಫ್‌ಟಿಸಿ ಒಬ್ಬ ವ್ಯಾಪಾರಿಯಿಂದ 28 ಲಕ್ಷ ಡಾಲರ್ ಕಟ್ಟಿಸಿ ಅವನನ್ನು ಒಂದು ವರ್ಷ ವ್ಯಾಪಾರದಿಂದ ಹೊರಗಿಟ್ಟಿತು. ಅದೇ ವ್ಯಕ್ತಿಯ ಮೇಲೆ ಕ್ರಿಮಿನಲ್ ಕೇಸು ಬೇರೆ ನಡೆದು, 2015ರ ನವೆಂಬರಿನಲ್ಲಿ ಶಿಕಾಗೊದ ಜ್ಯೂರಿ ಅಪರಾಧಿ ಎಂದಿತು. ಮುಂದಿನ ವರ್ಷ ಮೂರು ವರ್ಷ ಜೈಲು ಶಿಕ್ಷೆ. ಆರ್ಡರ್ ಹಾಕುವಾಗಲೇ ರದ್ದು ಮಾಡುವ ಮನಸ್ಸು ಇತ್ತು ಅಂತ ತೋರಿಸಬೇಕಿತ್ತು. ಮನಸ್ಸಿನೊಳಗೆ ಇದ್ದದ್ದನ್ನು ಆರ್ಡರುಗಳ ದಾಖಲೆಯಿಂದಲೂ ಪ್ರೋಗ್ರಾಂ ಬರೆದುಕೊಟ್ಟವನ ಸಾಕ್ಷಿಯಿಂದಲೂ ತೋರಿಸಿದರು.

ಇನ್ನೊಂದು ವ್ಯತ್ಯಾಸ ಹೇಳಲೇಬೇಕು. 2024ರ ಜೂನ್‌ನಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್, ವಂಚನೆಗೆ ದಂಡ ಹಾಕಿಸಬೇಕಾದರೆ ಷೇರು ನಿಯಂತ್ರಕ ಎಸ್‌ಇಸಿ ತನ್ನ ಒಳಗಿನ ನ್ಯಾಯಾಧೀಶರ ಮುಂದೆ ಮುಗಿಸುವಂತಿಲ್ಲ, ಎದುರಿನವರಿಗೆ ಜ್ಯೂರಿಯ ಮುಂದೆ ಹೋಗುವ ಹಕ್ಕಿದೆ ಎಂದಿತು. ಮೂಡಿಗೆರೆ ಮಳೆಯವರು ಹೇಳಿದ ಭಾರತದ ಪದ್ಧತಿಗೆ ಇದು ಉಲ್ಟಾ.

ರೋಬಸ್ಟಾ 12 ಎಕರೆ, ಆಲ್ದೂರು

ಸಂತೆಯ ಉದಾಹರಣೆಯಿಂದ ಪೂರ್ತಿ ಅರ್ಥವಾಯಿತು. ಶುಕ್ರವಾರದ ವರದಿ ಮಗನಿಂದ ತೆಗೆಸಿ ನೋಡುತ್ತೇನೆ. ಧನ್ಯವಾದ.

ಅರಸೀಕೆರೆ ತೆಂಗು

ನನ್ನದು ಸಣ್ಣ ಪ್ರಶ್ನೆ. ಕೊಬ್ಬರಿ ಮಾರಿದ ದುಡ್ಡು, ಮಗಳ ಮದುವೆಗೆ ಇಟ್ಟದ್ದು, ಒಂದು ಸ್ಕೀಮಿಗೆ ಕಟ್ಟಿ ಹೋಯಿತು. ಕೇಸು ಮಾಡಿ ಯಾರೋ ಜೈಲಿಗೆ ಹೋದರೆ ನಮಗೇನು ಬಂತು? ದುಡ್ಡು ವಾಪಸ್ ಬರುತ್ತದಾ?

ಕಪ್ಪು ಕೋಟು, ಚಿಕ್ಕಮಗಳೂರು

ಅಮ್ಮಾ, ನಿಮ್ಮ ಪ್ರಶ್ನೆ ಸಣ್ಣದಲ್ಲ. ಈ ಕೆಲಸಕ್ಕೆ ಬರುವ ಪ್ರತಿಯೊಬ್ಬ ವಕೀಲರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಅದು. ನಾನು ಮೂವತ್ತು ವರ್ಷದ ಮೇಲೆ ಪ್ರಾಕ್ಟೀಸ್ ಮಾಡಿದ್ದೇನೆ, ಠೇವಣಿದಾರರ ಕೇಸುಗಳಲ್ಲಿ ಸರ್ಕಾರದ ಪರವೂ ನಿಂತಿದ್ದೇನೆ.

ಕರ್ನಾಟಕದಲ್ಲಿ 2004ರ ಠೇವಣಿದಾರರ ಹಿತರಕ್ಷಣಾ ಕಾಯ್ದೆ ಇದೆ. ಕಂಪನಿ ದುಡ್ಡು ವಾಪಸ್ ಕೊಡದೆ ಹೋದರೆ ಸರ್ಕಾರ ಅದರ ಆಸ್ತಿ ಜಪ್ತಿ ಮಾಡಿ, ಸಕ್ಷಮ ಪ್ರಾಧಿಕಾರ ಅಂತ ಒಬ್ಬ ಅಧಿಕಾರಿಯನ್ನು ನೇಮಿಸುತ್ತದೆ. ಅವರು ವಿಶೇಷ ನ್ಯಾಯಾಲಯಕ್ಕೆ ಹೋಗಿ ಜಪ್ತಿ ಖಾಯಂ ಮಾಡಿಸಿ, ಆಸ್ತಿ ಮಾರಿ, ಹಂಚಬೇಕು. 2019ರಲ್ಲಿ ಕೇಂದ್ರದ ಕಾಯ್ದೆಯೂ ಬಂತು, ಬಡ್ಸ್ ಅಂತಾರೆ. ಅದರಲ್ಲಿ ಅನುಮತಿ ಇಲ್ಲದ ಠೇವಣಿ ಯೋಜನೆ ನಡೆಸುವುದೇ ಅಪರಾಧ. ದುಡ್ಡು ಇಸ್ಕೊಂಡರೆ ಎರಡರಿಂದ ಏಳು ವರ್ಷ ಜೈಲು. ಮೋಸದಿಂದ ವಾಪಸ್ ಕೊಡದಿದ್ದರೆ ಹತ್ತು ವರ್ಷದವರೆಗೆ. ಜಪ್ತಿಯ ಅರ್ಜಿಯನ್ನು 180 ದಿನದಲ್ಲಿ ಮುಗಿಸಲು ನ್ಯಾಯಾಲಯ ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ.

ದುಡ್ಡು ಬರುವುದು ಆಸ್ತಿ ಎಷ್ಟು ಬೇಗ ಸಿಕ್ಕಿತು ಅನ್ನುವುದರ ಮೇಲೆ. ಅದಕ್ಕೇ ಶಿಕ್ಷೆಗಿಂತ ಮೊದಲು ಜಪ್ತಿ ನೋಡಿ ಅಂತ ಜೂನಿಯರ್‌ಗಳಿಗೆ ಹೇಳುತ್ತೇನೆ. ಪಿಎಸಿಎಲ್ ನೆನಪಿದೆಯಲ್ಲ, ಜಮೀನು ಕೊಡುತ್ತೇವೆ ಅಂತ 5.8 ಕೋಟಿ ಜನರಿಂದ 49,100 ಕೋಟಿ ಎತ್ತಿದ್ದು? 2014ರಲ್ಲಿ ಸೆಬಿ ಆದೇಶ ಮಾಡಿತು. 2016ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಲೋಧಾ ಸಮಿತಿ ನೇಮಿಸಿತು. ಸಣ್ಣ ಮೊತ್ತದವರಿಂದ ಶುರು ಮಾಡಿ ಹಂತ ಹಂತವಾಗಿ ಕೊಟ್ಟರು. ಜನರಿಂದ ದುಡ್ಡು ಎತ್ತಿದ ಸಹಾರಾ ಕಂಪನಿಗಳ ಕೇಸಿನಲ್ಲಿ 2012ರ ಆಗಸ್ಟಿನಲ್ಲಿ ತೀರ್ಪು ಬಂದ ಮೇಲೆ ಕಂಪನಿ ದಾಖಲೆಗಳನ್ನು 127 ಟ್ರಕ್ಕಿನಲ್ಲಿ ತಂದು ಸೆಬಿಗೆ ಒಪ್ಪಿಸಿತು. ಆ ಪೆಟ್ಟಿಗೆಗಳಲ್ಲಿ ನಿಜವಾದ ಹೂಡಿಕೆದಾರ ಯಾರು ಅಂತ ಹುಡುಕುವುದೂ ಇದೇ ಕೆಲಸದ ಭಾಗ.

2013ರ ಜುಲೈ ಕೊನೆಗೆ ಸರಕು ವ್ಯಾಪಾರದ ಎಕ್ಸ್‌ಚೇಂಜ್ ಎನ್‌ಎಸ್‌ಇಎಲ್ ನಿಂತುಹೋದಾಗ ಸುಮಾರು 5,600 ಕೋಟಿ ಸಿಕ್ಕಿಹಾಕಿಕೊಂಡಿತು. ನಾವು ಎಕ್ಸ್‌ಚೇಂಜ್, ಠೇವಣಿ ತಗೊಂಡವರಲ್ಲ ಅಂತ ವಾದಿಸಿದರು. 2022ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ, ಮಹಾರಾಷ್ಟ್ರದ ಠೇವಣಿದಾರರ ಕಾಯ್ದೆ ಅನ್ವಯಿಸುತ್ತದೆ ಎಂದು ಜಪ್ತಿಯನ್ನು ಎತ್ತಿಹಿಡಿಯಿತು. ಒಬ್ಬ ಸರ್ಕಾರಿ ವಕೀಲರು ಠೇವಣಿ ಅನ್ನುವ ಒಂದು ಪದದ ಅರ್ಥವನ್ನು ಸರಿಯಾಗಿ ಹಿಡಿದು ನಿಂತರೆ ಸಾವಿರಾರು ಮನೆಗಳ ದುಡ್ಡು ಕೈತಪ್ಪಿ ಹೋಗುವುದು ನಿಲ್ಲುತ್ತದೆ.

ನಿಮ್ಮ ಮೂಲ ರಸೀದಿ ಯಾರಿಗೂ ಕೊಡಬೇಡಿ ಅಮ್ಮ. ಜೆರಾಕ್ಸ್ ಕೊಡಿ. ಸಕ್ಷಮ ಪ್ರಾಧಿಕಾರ ಅರ್ಜಿ ಕರೆದರೆ ಕೊನೆ ದಿನದವರೆಗೆ ಕಾಯಬೇಡಿ.

ಲೆಕ್ಕದ ಪುಸ್ತಕ, ಹಾಸನ

ಹೇಮಾವತಿ ದಂಡೆ ಅವರಿಗೆ ಒಬ್ಬ ಚಾರ್ಟರ್ಡ್ ಅಕೌಂಟೆಂಟ್ ಮಾತು. ಕಾನೂನು ಪುಸ್ತಕದ ಜೊತೆ ಬ್ಯಾಂಕ್ ಸ್ಟೇಟ್‌ಮೆಂಟ್ ಓದುವುದನ್ನು ಕಲಿಯಿರಿ. ಎಡಗಡೆ ಠೇವಣಿ ಬಂದ ದಿನ, ಬಲಗಡೆ ಬಡ್ಡಿ ಕೊಟ್ಟ ದಿನ ಬರೆದು ನೋಡಿ. ಹೊಸ ಠೇವಣಿ ಬಂದ ಎರಡನೇ ದಿನವೇ ಹಳಬರಿಗೆ ಬಡ್ಡಿ ಹೋಗಿದ್ದರೆ, ಷೇರು ಬ್ರೋಕರಿಗೆ ಒಂದು ರೂಪಾಯಿಯೂ ಹೋಗದಿದ್ದರೆ, ಮಾರುಕಟ್ಟೆ ನಷ್ಟ ಅನ್ನುವ ಮಾತು ಅಲ್ಲೇ ಮುಗಿಯುತ್ತದೆ. ಒಂದೇ ಹಾಳೆಯಲ್ಲಿ ತೋರಿಸಬಹುದು. ಬನ್ನಿ, ಒಂದು ಭಾನುವಾರ ಕೂತು ಹೇಳಿಕೊಡುತ್ತೇನೆ.

ಕಪ್ಪು ಕೋಟು, ಚಿಕ್ಕಮಗಳೂರು

ಅದಕ್ಕೆ ಒಂದು ಮಾತು ಸೇರಿಸುತ್ತೇನೆ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಹಳೇ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 65ಬಿ ಜಾಗದಲ್ಲಿ ಈಗ ಸೆಕ್ಷನ್ 63. ಬ್ಯಾಂಕಿನ ಪ್ರಿಂಟು, ವಾಟ್ಸ್ಆ್ಯಪ್ ಮಾತು, ಟ್ರೇಡ್ ಲಾಗ್ ಎಲ್ಲಕ್ಕೂ ಪ್ರಮಾಣಪತ್ರ ಬೇಕು. ಈಗ ಅದರಲ್ಲಿ ಎರಡು ಭಾಗ. ಒಂದನ್ನು ದಾಖಲೆ ಕೊಡುವವರು ಸಹಿ ಮಾಡಬೇಕು, ಇನ್ನೊಂದನ್ನು ತಜ್ಞರು. ಹ್ಯಾಶ್ ಮೌಲ್ಯ, ಅಂದರೆ ಫೈಲು ಬದಲಾಗಿಲ್ಲ ಅಂತ ತೋರಿಸುವ ಅದರ ಬೆರಳಚ್ಚಿನಂಥ ಸಂಕೇತ, ನಮೂದಿಸಬೇಕು. ಕೋಟಿಗಟ್ಟಲೆ ರೂಪಾಯಿಯ ಕೇಸು ಈ ಒಂದು ಹಾಳೆ ಇಲ್ಲದೆ ಒದ್ದಾಡುತ್ತದೆ. ಪೊಲೀಸರು ಚಾರ್ಜ್‌ಶೀಟ್ ಹಾಕುವ ಮೊದಲೇ ನೋಡಿ ಕೇಳಿ.

ದಾರಿ ಬಗ್ಗೆಯೂ ಒಂದು ಮಾತು. ಸೆಬಿಯೊಂದೇ ಬಾಗಿಲಲ್ಲ. ಸಹಾಯಕ ಸರ್ಕಾರಿ ಅಭಿಯೋಜಕರ ಪರೀಕ್ಷೆ ಬರೆಯಬಹುದು. ಏಳು ವರ್ಷ ಪ್ರಾಕ್ಟೀಸ್ ಆದರೆ ಪಬ್ಲಿಕ್ ಪ್ರಾಸಿಕ್ಯೂಟರ್, ಹತ್ತು ವರ್ಷ ಆದರೆ ವಿಶೇಷ ಪ್ರಾಸಿಕ್ಯೂಟರ್ ಆಗಲು ಕಾನೂನಿನಲ್ಲಿ ಅರ್ಹತೆ ಇದೆ. ಎದ್ದು ನಿಂತು ಸಾಕ್ಷಿಯನ್ನು ವಿಚಾರಿಸಬೇಕು ಅನ್ನುವ ಆಸೆ ಇದ್ದರೆ ಈ ದಾರಿ ಚೆನ್ನಾಗಿದೆ. ದೊಡ್ಡ ಮಾರುಕಟ್ಟೆಯ ಸಂಚು ಬಿಡಿಸಬೇಕು ಅಂತ ಇದ್ದರೆ ಮುಂಬೈ.

ಹೇಮಾವತಿ ದಂಡೆ, ಹಾಸನ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಘಾಟ್ ಸರ್, ನಿಮ್ಮ ಮಾತನ್ನು ಅಮ್ಮನಿಗೂ ಓದಿ ಹೇಳಿದೆ. ಗ್ರೇಡ್ ಎ ಪರೀಕ್ಷೆ ಬರೆಯುತ್ತೇನೆ, ಅದರ ಜೊತೆ ಅಭಿಯೋಜಕರ ಪರೀಕ್ಷೆಗೂ ತಯಾರಿ ಮಾಡುತ್ತೇನೆ.

ಭಾನುವಾರ ಲೆಕ್ಕದ ಪುಸ್ತಕ ಸರ್ ಹತ್ತಿರ ಹೋಗಿದ್ದೆ. ಐದು ಗಂಟೆ ಕೂತೆವು. ಆ ಕಂಪನಿಯ ಖಾತೆಯಿಂದ ಬ್ರೋಕರಿಗೆ ಹೋದದ್ದು ಬರೀ 40,000 ರೂಪಾಯಿ, ಅದೂ ಮೊದಲ ತಿಂಗಳಲ್ಲಿ. ಸೀನಿಯರ್ ಅನುಮತಿ ಪಡೆದು ಆ ಹಾಳೆಯನ್ನು ಸರ್ಕಾರಿ ವಕೀಲರಿಗೆ ಕೊಟ್ಟೆ. ಅವರು ಕೂರಿಸಿ ಪೂರ್ತಿ ಕೇಳಿದರು. ಮುಂದಿನ ತಾರೀಕಿಗೆ ನೀನೂ ಪಕ್ಕದಲ್ಲಿರು ಅಂದರು.

ಈಗ ಒಂದು ತೊಡಕು. 41 ಜನರಲ್ಲಿ 11 ಜನರ ಹತ್ತಿರ ಅಚ್ಚಾದ ರಸೀದಿ ಇಲ್ಲ. ಏಜೆಂಟ್ ಪೆನ್ನಿನಲ್ಲಿ ಬರೆದುಕೊಟ್ಟ ಸಣ್ಣ ಪುಸ್ತಕ ಮಾತ್ರ ಇದೆ. ಅದು ನನ್ನ ಕೈಬರಹ ಅಲ್ಲ ಅಂತ ಅವನು ಹೇಳುತ್ತಿದ್ದಾನೆ. ಏನು ಮಾಡಬಹುದು ಸರ್?

ಕಪ್ಪು ಕೋಟು, ಚಿಕ್ಕಮಗಳೂರು

ಈ ಕೇಸಿಗೆ ಮುಂಚೆ ಅವನು ಬರೆದ ಕಾಗದ ಹುಡುಕಿ. ಹಾಲಿನ ಸೊಸೈಟಿ, ಬ್ಯಾಂಕಿನ ಚಲನ್, ಪಂಚಾಯಿತಿಗೆ ಕೊಟ್ಟ ಅರ್ಜಿ, ಎಲ್ಲಾದರೂ ಇದ್ದೇ ಇರುತ್ತದೆ. ಅದನ್ನು ತನಿಖಾಧಿಕಾರಿಯ ಮೂಲಕವೇ ವಶಕ್ಕೆ ಪಡೆಸಿ, ಕೈಬರಹ ತಜ್ಞರಿಗೆ ಕಳಿಸಲು ಹೇಳಿ. ನೀವು ಹೋಗಿ ತರಬೇಡಿ. ಆ 11 ಪುಸ್ತಕಗಳನ್ನು ಲ್ಯಾಮಿನೇಟ್ ಮಾಡಿಸಲು ಬಿಡಬೇಡಿ, ಇವತ್ತೇ ಆ ಊರಿಗೆ ಫೋನ್ ಮಾಡಿ.